ಕೆರೆಯ ಮೀನೂ ಸೊಳ್ಳೆಯ ಮದ್ದೂ

ಬೆಂಗಳೂರಿನ ಕೆರೆಯೊಂದರಲ್ಲಿ ಮೀನುಗಳು ಸತ್ತು ತೇಲಿದುವೆಂಬ ವರ್ತಮಾನ ಬಂದಾಗಲೆಲ್ಲ, ಕೊಳಚೆಯಿಂದ ನೀರಿನ ಪ್ರಾಣವಾಯು ಕುಗ್ಗಿತೆಂಬ ಸಮಾಧಾನವು ಬೆನ್ನಿಗೇ ಹೊರಡುತ್ತದೆ. 2016ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತಾಗಲೂ ಹಾಗೆಯೇ ಆಯಿತು. ಆ ಕಾರಣವು ಸುಳ್ಳೆಂದು ನಾವು ಹೇಳುವುದಿಲ್ಲ; ವಿಚಾರಣೆಯು ಅಲ್ಲಿಗೇ ಮುಗಿಯಬೇಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

ನಗರದ ದಕ್ಷಿಣದಲ್ಲಿ ಮಡಿವಾಳ, ಸಾರಕ್ಕಿ, ಯಡಿಯೂರು ಕೆರೆಗಳು ಇಂದು ಬಡಾವಣೆಗಳ ನಡುವೆ ಸಿಕ್ಕಿಕೊಂಡಿವೆ. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಬೀದಿಗಳನ್ನು ತೊಳೆದ ಮಳೆನೀರು ತಗ್ಗನ್ನರಸಿ ಇಳಿಯತಕ್ಕದ್ದು. ಚರಂಡಿಗೆ ಸಿಂಪಡಿಸಿದ ಸೊಳ್ಳೆಯ ಮದ್ದು, ಗೆದ್ದಲಿಗೆಂದು ತಳಪಾಯಕ್ಕೆ ಹೊಯ್ದ ದ್ರಾವಣ, ಹೂದೋಟದ ಕೀಟನಾಶಕ ಇವುಗಳ ಅಂಶವೂ ಅದರ ಸಂಗಡ ಹೋಗದೆ ಇರದು.

ಈ ವಿಷಗಳು ಕೀಟವನ್ನೂ ಮೀನನ್ನೂ ಬೇರೆಬೇರೆಯಾಗಿ ಕಾಣುವುದಿಲ್ಲ. ಮಲಾಥಿಯಾನ್ ಮೊದಲಾದುವು ನರಗಳ ಕಾರ್ಯವನ್ನು ಹದದಲ್ಲಿಡುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಪೈರೆಥ್ರಾಯಿಡ್ ಜಾತಿಯ ಮದ್ದುಗಳನ್ನು ಮನುಷ್ಯದೇಹವು ಬೇಗನೆ ಒಡೆದು ಹೊರಹಾಕುವುದು. ಮೀನಿಗೆ ಆ ಶಕ್ತಿ ಸಾಲದು. ನಮಗೆ ನಿರಪಾಯವೆಂದು ಮಾರುವುದೇ ಅದಕ್ಕೆ ಘೋರವಿಷ! ಅಲ್ಪಪ್ರಮಾಣದಲ್ಲಿ ಮೀನು ಕೂಡಲೆ ಸಾಯುವುದಿಲ್ಲ. ಕಿವಿರಿನ ಪೊರೆ ಕೆಡುತ್ತದೆ, ಈಜು ತಪ್ಪುತ್ತದೆ, ಸಂತಾನಶಕ್ತಿ ಕುಂದುತ್ತದೆ. ಕಿವಿರು ಕೆಟ್ಟ ಮೀನು ಪ್ರಾಣವಾಯು ಕುಗ್ಗಿದ ರಾತ್ರಿಯಲ್ಲಿ ಇತರ ಮೀನುಗಳಿಗಿಂತ ಮುಂಚೆಯೇ ಸಾಯಬಹುದು. ಆ ಸಾವನ್ನು ಕೊಳಚೆಯ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಕಾಸರಗೋಡಿನ ಕನ್ನಡಿಗರು ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತರು. 2000ದವರೆಗೆ ಅಲ್ಲಿಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದರು. ಅದು ಮೀನಿಗೆ ಪರಮವಿಷವೆಂಬುದು ಗುಟ್ಟೇನೂ ಆಗಿರಲಿಲ್ಲ. ಎಣ್ಮಕಜೆ, ಪಡ್ರೆಗಳ ಜನರು ಹಳ್ಳದ ಮೀನು, ಕಪ್ಪೆ, ಜೇನ್ನೊಣಗಳ ಅಳಿವನ್ನು ಕುರಿತು ಮೊರೆಯಿಟ್ಟರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಯುವ ಹೊತ್ತಿಗೆ ಹಲವು ಮನೆಗಳಲ್ಲಿ ಮಕ್ಕಳೇ ಹಾಸಿಗೆ ಹಿಡಿದಿದ್ದರು.

ಡೆಂಗಿಯ ಭೀತಿಯಿರುವಾಗ ಮದ್ದು ಬೇಡವೆನ್ನುವುದು ಹೇಗೆಂದು ಅಧಿಕಾರಿಗಳು ಕೇಳಬಹುದು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರವು ಅದನ್ನು ಸಾಂಕ್ರಾಮಿಕವೆಂದು ಸಾರಿದ್ದೂ ನಮಗೆ ತಿಳಿದಿದೆ. ಆದರೆ ಆ ಸೊಳ್ಳೆ ಹುಟ್ಟುವುದು ಮನೆಯ ತೊಟ್ಟಿ, ಪೀಪಾಯಿ, ಹೂಕುಂಡಗಳ ನಿಂತ ನೀರಿನಲ್ಲಿ, ಕೆರೆಯಲ್ಲಲ್ಲ. ಹೊಗೆಯೋ, ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುವುದು. ಮರಿಗಳನ್ನು ತಿನ್ನಲೆಂದು ಗಪ್ಪಿ, ಗ್ಯಾಂಬೂಸಿಯಾ ಮೀನುಗಳನ್ನು ಆರೋಗ್ಯ ಇಲಾಖೆಯವರೇ ಬಿಡುವುದುಂಟು. ಒಂದು ಕೈಯಿಂದ ಮೀನನ್ನು ಬಿಟ್ಟು ಇನ್ನೊಂದರಿಂದ ಅದಕ್ಕೆ ವಿಷವುಣಿಸುವ ಆಡಳಿತಕ್ಕೆ ಏನೆನ್ನೋಣ?

ಇನ್ನು ಮುಂದೆ ಮೀನು ತೇಲಿದಲ್ಲಿ ನೀರಿನ ಪ್ರಾಣವಾಯುವನ್ನಳೆದು ಸುಮ್ಮನಾಗದೆ, ಮೀನಿನ ಮಾಂಸವನ್ನೂ ಕೆರೆಯ ಕೆಸರನ್ನೂ ಕೀಟನಾಶಕಕ್ಕಾಗಿ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸತಕ್ಕದ್ದು. ಅದೇ ಮೀನು ಪೇಟೆಗೂ ಬರುವುದೆಂಬುದನ್ನು ಅಧಿಕಾರಿಗಳವರಿಗೆ ನಾವು ನೆನಪಿಸಬೇಕಾಗಿಲ್ಲ.