ಬೂಟಿಗೂ ಒಂದು ದಿನದ ರಜೆ

ನಮ್ಮ ವಾಚಕರಲ್ಲಿ ಕಚೇರಿಯ ಮೇಜಿನವರು ಎಷ್ಟೋ, ಕಾರ್ಖಾನೆ ಹಡಗುಕಟ್ಟೆಗಳವರೂ ಅಷ್ಟೇ. ಮಜಗಾಂವಿನ ಹಡಗುಕಟ್ಟೆ, ಮಾಟುಂಗಾದ ರೈಲ್ವೆ ಕಾರ್ಖಾನೆ, ಠಾಣೆ-ಬೇಲಾಪುರ ರಸ್ತೆಯ ಉದ್ದಿಮೆಗಳು, ಅತ್ತ ಅಂಬರನಾಥ — ಎಲ್ಲಿ ಹೋದರೂ ನಮ್ಮವರ ಒಂದು ಜೋಡಿ ಕಾಲು ಇದ್ದೇ ಇರುತ್ತದೆ. ಆ ಕಾಲಿನಲ್ಲಿ ಭಾರವಾದ ಚರ್ಮದ ಬೂಟೂ ಇರುತ್ತದೆ. ಈ ಸಂಚಿಕೆ ಕೈಸೇರುವ ಹೊತ್ತಿಗೆ ಮೃಗಶಿರೆಯ ಮಳೆ ಬಾಗಿಲಿಗೆ ಬಂದಿರುತ್ತದೆ. ಕೊಡೆಯ ಕಡ್ಡಿ ಸರಿಮಾಡಿಸುವುದು ಎಲ್ಲರಿಗೂ ನೆನಪಾಗುತ್ತದೆ. ಬೂಟಿನ ಯೋಚನೆ ಯಾರಿಗೂ ಬರುವುದಿಲ್ಲ. ಆದಕಾರಣ ಈ ಸಲದ ಪುಟವನ್ನು ಬೂಟಿಗೇ ಮೀಸಲಿಟ್ಟಿದ್ದೇವೆ.

ನಾವು ಗುಮಾಸ್ತರು, ಅಂತಹ ಬೂಟು ಹಾಕಿ ದುಡಿಯುವವರಲ್ಲ ಎಂಬುದು ನಿಜ. ಆದರೆ ದುಡಿಯುವವರನ್ನೂ ಹೊಲಿಯುವವರನ್ನೂ ಕೇಳಿ ತಿಳಿದದ್ದನ್ನು ಅಚ್ಚುಕಟ್ಟಾಗಿ ಬರೆದಿಡುವುದು ಗುಮಾಸ್ತನ ಕೆಲಸವೇ ತಾನೆ?

ಮೊದಲು ತಿಳಿಯಬೇಕಾದದ್ದು ಇದು: ನಡೆದು ಸವೆದ ಬೂಟಿಗಿಂತ ನೆನೆದು ಕೆಟ್ಟ ಬೂಟೇ ಈ ಊರಿನಲ್ಲಿ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಚರ್ಮವೆಂದರೆ ಸಣ್ಣ ಸಣ್ಣ ನಾರುಗಳ ಹೆಣಿಗೆ. ಆ ನಾರುಗಳು ಒಂದರ ಮೇಲೊಂದು ಸಲೀಸಾಗಿ ಜಾರಲೆಂದು ಹದಮಾಡುವವರು ಅದಕ್ಕೆ ಎಣ್ಣೆ ಕುಡಿಸಿರುತ್ತಾರೆ. ಬೂಟು ಮತ್ತೆ ಮತ್ತೆ ನೆನೆದು ಒಣಗುತ್ತಿದ್ದರೆ ಆ ಜಿಡ್ಡು ಕರಗುತ್ತಾ ಹೋಗುತ್ತದೆ. ಅವಸರಪಟ್ಟು ಒಲೆಯ ಬಳಿಯೋ ಉರಿಬಿಸಿಲಿನಲ್ಲೋ ಒಣಗಿಸಿದರಂತೂ ನಾರುಗಳು ಬಿಗಿದುಕೊಂಡು, ಬೆರಳು ಮಡಚುವ ಜಾಗದಲ್ಲಿಯೇ ಚರ್ಮ ಬಿರಿಯುತ್ತದೆ. ನೀರು ಅರ್ಧ ಕೆಡಿಸಿದರೆ ಅವಸರ ಉಳಿದರ್ಧವನ್ನು ಕೆಡಿಸುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಮನೆಗೆ ಬಂದೊಡನೆ ಲೇಸನ್ನು ಪೂರ್ತಿ ಸಡಿಲಿಸಿ, ಬೂಟಿನ ನಾಲಗೆಯನ್ನು ಹೊರಕ್ಕೆಳೆದು, ಒಳಗಿನ ಮೆತ್ತೆಯನ್ನು ತೆಗೆದು ಬೇರೆ ಇಡಬೇಕು. ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಆಮೇಲೆ ಓದಿ ಮುಗಿಸಿದ ದಿನಪತ್ರಿಕೆಯನ್ನು ಮುದ್ದೆ ಮಾಡಿ ಒಳಗೆ ತುಂಬಬೇಕು (ದಯವಿಟ್ಟು ನಮ್ಮ ಈ ತ್ರೈಮಾಸಿಕವನ್ನಲ್ಲ!). ಊಟವಾದ ಮೇಲೆ ಆ ಕಾಗದ ತೆಗೆದು ಬೇರೆ ತುಂಬಿದರೆ ಇನ್ನೂ ಮೇಲು. ಗಾಳಿಯಾಡುವ ನೆರಳಿನಲ್ಲಿ, ಎರಡೂ ಬೂಟುಗಳನ್ನು ಅಡ್ಡಲಾಗಿ ಮಲಗಿಸಿಟ್ಟರೆ ಅಟ್ಟೆಗೂ ಗಾಳಿ ತಗಲುತ್ತದೆ. ಒಂದೇ ಕೋಣೆಯ ಬಿಡಾರವಾದರೆ ಪಂಖದ ಕೆಳಗಿನ ಒಂದು ಮೂಲೆ ಸಾಕು.

ಇಷ್ಟು ಮಾಡಿದರೂ ಮಳೆಗಾಲದಲ್ಲಿ ಒಂದು ರಾತ್ರಿಗೆ ಬೂಟು ಪೂರ್ತಿ ಒಣಗುವುದಿಲ್ಲ. ಅದಕ್ಕೇ ಒಂದು ಜೋಡಿಯ ಬದಲು ಎರಡು ಜೋಡಿ ಇಟ್ಟುಕೊಂಡು, ದಿನ ಬಿಟ್ಟು ದಿನ ಹಾಕುವುದು ಒಳ್ಳೆಯದು. ನಮಗೆ ಸಾಂದರ್ಭಿಕ ರಜೆ ಇರುವಂತೆ ಬೂಟಿಗೂ ಒಂದು ದಿನದ ರಜೆ. ‘ಎರಡೆರಡು ಕೊಳ್ಳಲು ನಾವೇನು ಸೇಟುಗಳೇ?’ ಎಂದು ಕೇಳುವವರಿಗಾಗಿ ಮಾದರಿಗೊಂದು ಲೆಕ್ಕ. 2,000 ರೂಪಾಯಿಯ ಒಂದು ಜೋಡಿ ದಿನವೂ ನೆನೆದು 10 ತಿಂಗಳು ಬಾಳಿತೆನ್ನೋಣ. ತಿಂಗಳಿಗೆ 200 ರೂಪಾಯಿ ಬಿತ್ತು. 4,000 ರೂಪಾಯಿಯ ಎರಡು ಜೋಡಿ ಸರದಿಯ ಮೇಲೆ ಒಣಗುತ್ತಾ 30 ತಿಂಗಳು ಬಾಳಿದರೆ ಬೀಳುವುದು ತಿಂಗಳಿಗೆ 133 ರೂಪಾಯಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆನ್ನುವುದು ಸರಿಯೇ. ಕಾಲಿನ ವಿಷಯದಲ್ಲಿ ಹಾಸಿಗೆಯನ್ನು ಸ್ವಲ್ಪ ಮುಂದಾಲೋಚನೆಯಿಂದ ಹಾಸಿಕೊಳ್ಳಬಹುದು.

ಒಣಗಿದ ಮೇಲೆ ಜಿಡ್ಡು. ಹದಿನೈದು ದಿನಕ್ಕೊಮ್ಮೆ ಬೂಟಿನ ಮೇಣವನ್ನೋ ಚರ್ಮದ ಎಣ್ಣೆಯನ್ನೋ ಬಟ್ಟೆಯ ತುದಿಯಿಂದ ತೆಳುವಾಗಿ ಹಚ್ಚಬೇಕು. ಹೊಲಿಗೆಯ ಸಾಲಿಗೆ ಸ್ವಲ್ಪ ಹೆಚ್ಚು. ಅಡಿಗೆಮನೆಯ ಕೊಬ್ಬರಿ ಎಣ್ಣೆಯನ್ನು ಸುರಿದು ನೆನೆಸುವುದು ಬೇಡ. ಎಣ್ಣೆ ಮಿತಿಮೀರಿದರೆ ಚರ್ಮ ಜೋತುಬಿದ್ದು ಆಕಾರ ಕೆಡುತ್ತದೆ, ಧೂಳೂ ಅಂಟುತ್ತದೆ. ಬಿಳಿ ಬೂಷ್ಟು ಹಿಡಿದಿದ್ದರೆ ಮನೆಯ ಹೊರಗೆ ಒಣ ಬಟ್ಟೆಯಿಂದ ಒರೆಸಿ, ಸಮಪಾಲು ವಿನಿಗರ್ ಮತ್ತು ನೀರು ಬೆರೆಸಿ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ಆರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೆಂದರೆ ಬೂಷ್ಟಿಗೆ ಔತಣವಿತ್ತಂತೆ.

ಕಟ್ಟಿಡುವ ಮಾತು ಬಂದದ್ದರಿಂದ ಅಟ್ಟೆಯ ಗುಟ್ಟೊಂದನ್ನು ಹೇಳಬೇಕು. ಈಗಿನ ಅನೇಕ ಬೂಟುಗಳ ಅಟ್ಟೆ ಪಾಲಿಯುರಿಥೇನ್ ಎಂಬ ಹಗುರ ವಸ್ತುವಿನದು. ಗಾಳಿಯ ತೇವ ಅದನ್ನು ಒಳಗೊಳಗೇ ಮುರಿಯುತ್ತದೆ. ಹೊಸದೆಂದು ಕಾಪಾಡಿ ಟ್ರಂಕಿನಲ್ಲಿಟ್ಟ ಜೋಡಿ ಕೆಲವು ವರ್ಷಗಳ ಮೇಲೆ ಹಾಕಿಕೊಂಡ ದಿನವೇ ರೊಟ್ಟಿಯ ಚೂರಿನಂತೆ ಉದುರುವುದು ಇದರಿಂದಲೇ. ಅಂತಹದನ್ನು ಕೂಡಿಡಬೇಡಿ, ಹಾಕಿ ಸವೆಸಿ. ಚರ್ಮದ ಪಟ್ಟಿಯೊಡನೆ ಹೊಲಿದ ಅಟ್ಟೆಯ ಬೂಟಾದರೆ ಬೆಲೆ ಹೆಚ್ಚು. ಆದರೆ ಸವೆದ ಅಟ್ಟೆಯನ್ನು ಬಿಚ್ಚಿ ಹೊಸದನ್ನು ಹೊಲಿಸಬಹುದು. ಹೊಲಿಗೆ ಎರಡಂಗುಲ ಬಿಟ್ಟಾಗಲೇ ಸ್ಟೇಷನ್ನಿನ ಮೋಚಿಯ ಮುಂದೆ ಇಟ್ಟರೆ ಕೆಲಸ ಅಗ್ಗದಲ್ಲಿ ಮುಗಿಯುತ್ತದೆ.

ಎಷ್ಟೇ ಆರೈಕೆ ಮಾಡಿದರೂ ಉಳಿಸಿಕೊಳ್ಳಬಾರದ ಬೂಟೊಂದಿದೆ. ಐ.ಎಸ್. 15298 ಗುರುತಿನ ರಕ್ಷಣಾ ಬೂಟಿನ ಮುಂದಿನ ಟೊಪ್ಪಿಗೆ 200 ಜೌಲ್ ಪೆಟ್ಟನ್ನು ತಡೆಯಬೇಕು; ಅಂದರೆ ಸುಮಾರು 20 ಕಿಲೋ ತೂಕ ಒಂದು ಮೀಟರಿನಿಂದ ಬಿದ್ದಷ್ಟು. ಒಮ್ಮೆ ಅಂತಹ ದೊಡ್ಡ ಪೆಟ್ಟು ತಿಂದ ಬೂಟು ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಲೇಬೇಕು. ಬೂಟು ಇರುವುದು ಕಾಲಿಗಾಗಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನೂ, ಅದರ ಬೆನ್ನಿಗೆ ಇಲಿಜ್ವರ ಹಬ್ಬಿದ್ದನ್ನೂ ಹಿರಿಯರು ಮರೆತಿಲ್ಲ. ನಿಂತ ನೀರಿನಲ್ಲಿ ನಡೆದು ಬಂದರೆ ಬೂಟಿನ ಒಳಹೊರಗನ್ನು ನಲ್ಲಿಯ ನೀರಿನಿಂದ ತೊಳೆದು, ಕಾಲಿಗೆ ಸೋಪು ಹಚ್ಚಿ ತೊಳೆಯಿರಿ. ಕಾಲಿನಲ್ಲಿ ಗಾಯವಿದ್ದರೆ ವೈದ್ಯರನ್ನು ಕಾಣಲು ತಡಮಾಡಬೇಡಿ.

ಇವೆಲ್ಲ ಕಷ್ಟದ ಕೆಲಸಗಳಲ್ಲ. ಆದರೂ ಎಷ್ಟೋ ಮನೆಗಳಲ್ಲಿ ನಡೆಯುವುದಿಲ್ಲವಲ್ಲ, ಏಕೆ? ಚರ್ಮ ಮುಟ್ಟಿದರೆ ಮೈಲಿಗೆ ಎಂಬ ಹಳೆಯ ಭಾವನೆ ನಮ್ಮೊಂದಿಗೆ ರೈಲು ಹತ್ತಿ ಮುಂಬಯಿಗೂ ಬಂದಿದೆ. ಮನೆಗೆ ಅನ್ನ ತಂದ ಬೂಟು ರಾತ್ರಿ ಕಳೆಯುವುದು ಕಸದ ಡಬ್ಬಿಯ ಪಕ್ಕದಲ್ಲಿ. ಅದನ್ನು ಹೊಲಿದುಕೊಟ್ಟವರೊಡನೆ ಮಾತಾಡುವುದು ಎರಡು ಮಾರು ದೂರದಿಂದ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಮೆಟ್ಟು ಮಾಡಿ ತಂದಾಗ, ಬಸವಣ್ಣನವರು ಅದನ್ನು ಕಾಲಿಗೆ ಹಾಕದೆ ತಲೆಯ ಮೇಲಿಟ್ಟುಕೊಂಡರೆಂಬ ಕಥೆಯನ್ನು ಭಾಷಣಗಳಲ್ಲಿ ಕೇಳಿ ಕೈತಟ್ಟುತ್ತೇವೆ. ಬೂಟನ್ನು ತಲೆಯ ಮೇಲಿಡಿ ಎಂದು ನಾವು ಹೇಳುವುದಿಲ್ಲ. ಕೈಯಲ್ಲಿ ಹಿಡಿದರೆ ಸಾಕು.

ಬೂಟಿನ ಕೆಲಸವನ್ನು ಮನೆಯಾಕೆಯ ಪಾಲಿಗೆ ಸೇರಿಸಬೇಡಿ. ಆಕೆಗೆ ಇರುವ ಕೆಲಸಗಳೇ ಸಾಕಷ್ಟಿವೆ. ಭಾನುವಾರ ಬೆಳಿಗ್ಗೆ ಬೂಟು ತೊಟ್ಟವರೇ ಕುಳಿತು, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಇಲ್ಲಿ ಯಂತ್ರದ ಎಣ್ಣೆಯ ಕಲೆ, ಅಲ್ಲಿ ಬೆಸುಗೆಯ ಕಿಡಿ ಹಾರಿ ಸುಟ್ಟ ಚುಕ್ಕೆ — ಅಪ್ಪನ ವಾರ ಹೇಗೆ ಕಳೆಯಿತೆಂಬುದು ಅದನ್ನು ಒರೆಸುವ ಮಗುವಿಗೆ ಹೇಳದೆಯೇ ತಿಳಿಯುತ್ತದೆ.

ಕಾರ್ಖಾನೆಯ ಬಂಧುಗಳು ತಮ್ಮ ಅನುಭವದ ಉಪಾಯಗಳನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು.