ಚುಚ್ಚಿದ ಬೆರಳು ಸಾಕು, ಹತೋಟಿಗೆ ಬಂದ ಸಕ್ಕರೆ ಲೆಕ್ಕಕ್ಕೆ ಬರಲಿ

ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾಗಿ, ಮರುವರ್ಷ ರಾಜ್ಯದ ಉಳಿದ ಜಿಲ್ಲೆಗಳಿಗೂ ಕಾಲಿಟ್ಟಿತು. ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೇ ಬಂದು 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ನೋಡುವುದು, ಕಾಯಿಲೆ ಇದ್ದವರಿಗೆ ಗುಳಿಗೆ ಮುಟ್ಟಿಸುವುದು ಅದರ ತಿರುಳು. ಒಂದು ದಿನದ ಕೂಲಿ ಬಿಟ್ಟರೆ ಆ ದಿನದ ಸಂತೆ ತಪ್ಪುವ ಕುಟುಂಬಗಳಿರುವ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡಿನಂಥ ತಾಲ್ಲೂಕುಗಳಿಗೆ ಇದು ತಕ್ಕ ದಾರಿ. ತಕರಾರಿರುವುದು ಯೋಜನೆಯ ಬಗ್ಗೆ ಅಲ್ಲ, ಅದನ್ನು ಅಳೆಯುವ ರೀತಿಯ ಬಗ್ಗೆ. ಎಷ್ಟು ಮನೆ ಮುಟ್ಟಿದೆವು, ಎಷ್ಟು ಲಕ್ಷ ಜನರ ತಪಾಸಣೆ ಮುಗಿಸಿದೆವು ಎಂಬ ಅಂಕಿಯೇ ಹೇಳಿಕೆಗಳಲ್ಲಿ, ಪರಿಶೀಲನಾ ಸಭೆಗಳಲ್ಲಿ ಮುಂದೆ ನಿಲ್ಲುತ್ತದೆ. ಹಾಗೆ ಪತ್ತೆಯಾದವರಲ್ಲಿ ಎಷ್ಟು ಮಂದಿ ಆರು ತಿಂಗಳ ನಂತರವೂ ಗುಳಿಗೆ ನುಂಗುತ್ತಿದ್ದಾರೆ, ಎಷ್ಟು ಮಂದಿಯ ಸಕ್ಕರೆ ಹತೋಟಿಗೆ ಬಂದಿದೆ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ರಾಜ್ಯದ ಮಧುಮೇಹ ಯೋಜನೆಯನ್ನು ಈ ಎರಡನೆಯ ಅಂಕಿಯ ಮೇಲೆ, ತಾಲ್ಲೂಕುವಾರು ಕಟ್ಟಬೇಕು ಎಂಬುದು ನನ್ನ ವಾದ.

ಕಾಯಿಲೆಯ ಗಾತ್ರದ ಬಗ್ಗೆ ಈಗ ಅನುಮಾನ ಉಳಿದಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಜನರಿಗೆ, ಅಂದರೆ ಹತ್ತು ಕೋಟಿಗೂ ಮಿಕ್ಕಿ ಮಂದಿಗೆ, ಮಧುಮೇಹವಿದೆ. ಪಟ್ಟಣಗಳಲ್ಲಿ ಶೇ 16.4, ಹಳ್ಳಿಗಳಲ್ಲಿ ಶೇ 8.9. ಈ ಅಂತರ ನೋಡಿ ಹಳ್ಳಿಗಳು ಬಚಾವಾದವು ಎಂದುಕೊಳ್ಳುವಂತಿಲ್ಲ. ಕಾಯಿಲೆಯ ಹೊಸ್ತಿಲಲ್ಲಿ ನಿಂತವರ ಪ್ರಮಾಣ ಪಟ್ಟಣದಲ್ಲೂ ಹಳ್ಳಿಯಲ್ಲೂ ಹೆಚ್ಚುಕಡಿಮೆ ಒಂದೇ, ಶೇ 15ರ ಮೇಲೆ. ಇಂದು ಬಳ್ಳಾರಿ ನಗರದ ಕೌಲ್ ಬಜಾರಿನಲ್ಲಿ ಕಾಣುವ ಪ್ರಮಾಣ ನಾಳೆ ಸಿರುಗುಪ್ಪದ ಹಳ್ಳಿಗಳಲ್ಲೂ ಕಾಣಬಹುದು ಎಂಬ ಮುನ್ಸೂಚನೆ ಅದರಲ್ಲಿದೆ. ಇದು ಉಳ್ಳವರ ಕಾಯಿಲೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಇದೇ ಅಧ್ಯಯನದ 2017ರ ವರದಿ, ಆರ್ಥಿಕವಾಗಿ ಮುಂದುವರಿದ ರಾಜ್ಯಗಳ ಪಟ್ಟಣಗಳಲ್ಲಿ ಬಡವರಲ್ಲೇ ಮಧುಮೇಹ ಹೆಚ್ಚಿರುವುದನ್ನು ತೋರಿಸಿತ್ತು. ಜೀನ್ಸ್ ಹೊಲಿಗೆ ಘಟಕದಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಮಷಿನ್ ಮುಂದೆ ಕೂತು, ಮಧ್ಯೆ ಚಹಾ, ಮಂಡಕ್ಕಿ ಒಗ್ಗರಣೆ, ಮಿರ್ಚಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಪತ್ತೆ ಹಚ್ಚುವುದರಿಂದಷ್ಟೇ ಯಾರ ಕಣ್ಣೂ ಉಳಿಯುವುದಿಲ್ಲ, ಯಾರ ಕಿಡ್ನಿಯೂ ಉಳಿಯುವುದಿಲ್ಲ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ ಎರಡು ದಶಕ ನಡೆದ ಯುಕೆಪಿಡಿಎಸ್ ಅಧ್ಯಯನ ಇದನ್ನು ಅಂಕಿಯಲ್ಲೇ ತೋರಿಸಿದೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಒಂದಂಶ ಕಡಿಮೆ ಇದ್ದವರಲ್ಲಿ ಕಣ್ಣು, ಮೂತ್ರಪಿಂಡಗಳ ಸಣ್ಣ ರಕ್ತನಾಳದ ತೊಡಕುಗಳು ಶೇ 37ರಷ್ಟು ಕಡಿಮೆ ಇದ್ದವು. ಉಪಯೋಗವೆಲ್ಲ ಇರುವುದು ಹತೋಟಿಯಲ್ಲಿ. ನೆರೆಯ ತಮಿಳುನಾಡು ಈ ಸತ್ಯವನ್ನು ಎದುರಿಸುವ ಧೈರ್ಯ ಮಾಡಿತು. 2020ರಲ್ಲಿ ಅಲ್ಲಿ ನಡೆದ ರಾಜ್ಯವ್ಯಾಪಿ ಸಮೀಕ್ಷೆಯಲ್ಲಿ, ಮಧುಮೇಹ ಇದ್ದವರ ಪೈಕಿ ಹತೋಟಿಯಲ್ಲಿದ್ದವರು ಶೇ 10.8 ಮಾತ್ರ ಎಂದು ಗೊತ್ತಾಯಿತು. ಮುಜುಗರ ತರುವ ಅಂಕಿ ಅದು. 2021ರ ಆಗಸ್ಟಿನಲ್ಲಿ, ಮನೆಗೇ ಔಷಧ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ನಮ್ಮ ಗಡಿಗೇ ಹೊಂದಿಕೊಂಡ ಕೃಷ್ಣಗಿರಿ ಜಿಲ್ಲೆಯಲ್ಲಿ ಉದ್ಘಾಟಿಸಲಾಯಿತು. 2023-24ರ ಮರುಸಮೀಕ್ಷೆಯಲ್ಲಿ ಹತೋಟಿಯ ಪ್ರಮಾಣ ಶೇ 16.7ಕ್ಕೆ ಏರಿತ್ತು. ಇದು ದೊಡ್ಡ ಗೆಲುವೇನಲ್ಲ; ಆರರಲ್ಲಿ ಐವರು ಇನ್ನೂ ಹತೋಟಿಯ ಹೊರಗೇ ಇದ್ದಾರೆ. ಆದರೆ ಎಲ್ಲಿಂದ ಹೊರಟೆವು, ಎಲ್ಲಿಗೆ ಮುಟ್ಟಿದೆವು ಎಂದು ಆ ರಾಜ್ಯ ಹೇಳಬಲ್ಲದು. ಕರ್ನಾಟಕದ ಯೋಜನೆಗೂ ಅಂಥದೊಂದು ಆರಂಭದ ಅಳತೆ ಬೇಕು, ಅದೂ ಜಿಲ್ಲೆಯ ಸರಾಸರಿಯಾಗಿ ಅಲ್ಲ. ಮೆಡಿಕಲ್ ಕಾಲೇಜು ಆಸ್ಪತ್ರೆ, ಜಿಲ್ಲಾಸ್ಪತ್ರೆ, ಬೀದಿಗೊಂದು ಲ್ಯಾಬ್ ಇರುವ ಬಳ್ಳಾರಿ ನಗರವನ್ನೂ, ಅಲ್ಲಿಗೆ ಬಸ್ಸಿನಲ್ಲಿ ಸುಮಾರು 55 ಕಿ.ಮೀ. ಬರಬೇಕಾದ ಸಿರುಗುಪ್ಪವನ್ನೂ ಒಂದೇ ಸರಾಸರಿಯಲ್ಲಿ ಕಲೆಸಿದರೆ ಹಳ್ಳಿಯ ಕೊರತೆ ನಗರದ ಅಂಕಿಯಲ್ಲಿ ಮುಚ್ಚಿಹೋಗುತ್ತದೆ. ಹೊಸ ತಾಲ್ಲೂಕಾದ ಕುರುಗೋಡಿಗಂತೂ ತನ್ನದೇ ಆದ ಲೆಕ್ಕ ಇರಲೇಬೇಕು.

ಹತೋಟಿ ತರುವುದು ಹೇಗೆ ಎಂಬುದು ಗುಟ್ಟೇನಲ್ಲ. 2017ರಲ್ಲಿ ಪಂಜಾಬ್, ಕೇರಳ, ಮಧ್ಯಪ್ರದೇಶ, ಮಹಾರಾಷ್ಟ್ರ, ತೆಲಂಗಾಣದ ಆಯ್ದ ಜಿಲ್ಲೆಗಳಲ್ಲಿ ಹಮ್ಮಿಕೊಂಡ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಅದನ್ನು ಸರ್ಕಾರಿ ಆಸ್ಪತ್ರೆಗಳಲ್ಲೇ ಮಾಡಿ ತೋರಿಸಿತು. ಅದರ ಸೂತ್ರಗಳು ತೀರಾ ಸರಳ. ಎಲ್ಲ ವೈದ್ಯರೂ ಒಂದೇ ಚಿಕಿತ್ಸಾ ಕ್ರಮ ಅನುಸರಿಸುವುದು, ಒಮ್ಮೆ ಬಂದವರಿಗೆ ಪೂರ್ತಿ ತಿಂಗಳ ಗುಳಿಗೆ ಕೊಡುವುದು, ಅದನ್ನು ಊರಿನ ಹತ್ತಿರವೇ ಸಿಗುವಂತೆ ಮಾಡುವುದು, ನರ್ಸ್ ಮತ್ತು ಆಶಾ ಕಾರ್ಯಕರ್ತೆಯರನ್ನು ಚಿಕಿತ್ಸೆಯ ಭಾಗವಾಗಿಸುವುದು, ಬಾರದೇ ಉಳಿದವರನ್ನು ಹೆಸರು ಹಿಡಿದು ಹುಡುಕುವುದು. 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಅದಕ್ಕೆ ಸಂದಿತು. ಮಧುಮೇಹಕ್ಕೆ ಇದೇ ದಾರಿ ಹಿಡಿಯಲು ಅಡ್ಡಿಯೇನೂ ಇಲ್ಲ. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಅಗ್ಗದ ಗುಳಿಗೆಗಳು. ಆದರೆ ಹತ್ತು ದಿನದ ಗುಳಿಗೆ ಕೊಟ್ಟು ಮತ್ತೆ ಬನ್ನಿ ಎಂದರೆ ನಾಟಿ, ಕೊಯ್ಲಿನ ಹೊತ್ತಿನಲ್ಲಿ ಯಾರೂ ಬರುವುದಿಲ್ಲ. ಗುಳಿಗೆ ಅಲ್ಲಿಗೆ ನಿಲ್ಲುತ್ತದೆ. ನಗರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗಳದ್ದೂ ಇದೇ ಪಾಡು. ಹಗಲಿನಲ್ಲಿ ಮಾತ್ರ ತೆರೆದಿರುವ ಕ್ಲಿನಿಕ್, ಹಗಲೆಲ್ಲ ಘಟಕದಲ್ಲಿರುವ ಹೊಲಿಗೆ ಕಾರ್ಮಿಕರಿಗೆ ಇದ್ದೂ ಇಲ್ಲದಂತೆ. ವಾರಕ್ಕೆರಡು ಸಂಜೆ ತೆರೆದರೆ ಎಷ್ಟೋ ವ್ಯತ್ಯಾಸವಾದೀತು.

ರಾಜ್ಯಕ್ಕೆಲ್ಲ ಒಂದೇ ಸುತ್ತೋಲೆ ಹೊರಡಿಸಿದರೆ ಸಾಲದು ಎನ್ನಲು ಸಿರುಗುಪ್ಪದ ಗದ್ದೆಗಳೇ ಸಾಕ್ಷಿ. ಹಳೆಯ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಜಡಗೊಳಿಸುತ್ತದೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಭತ್ತದ ನಾಟಿಯಲ್ಲಿ ಬರಿಗಾಲಲ್ಲಿ ಕೆಸರಿನೊಳಗೆ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳ ಕಾಲಲ್ಲಿ ಕಪ್ಪೆಚಿಪ್ಪೋ ಕೂಳೆಯೋ ತಾಗಿ ಆದ ಗೀರು ಮೂರನೇ ದಿನಕ್ಕೆ ಕೀವಾಗಿ, ಅರಿಸಿನ ಹಚ್ಚಿದರೂ ವಾಸಿಯಾಗದೆ, ಕೊನೆಗೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಬೆರಳನ್ನೋ ಪಾದವನ್ನೋ ಕತ್ತರಿಸುವಲ್ಲಿಗೆ ಮುಟ್ಟಬಹುದು. ಇದನ್ನು ಮೊದಲೇ ಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಪಾದದ ಕೆಲವು ಜಾಗಗಳಿಗೆ ಒತ್ತಿ, ಕಣ್ಣು ಮುಚ್ಚಿಕೊಂಡವರಿಗೆ ಅದು ತಿಳಿಯುತ್ತದೆಯೇ ಎಂದು ಕೇಳಿದರೆ ಸಾಕು. ತರಬೇತಿ ಇದ್ದರೆ ಐದು ನಿಮಿಷದ ಕೆಲಸ. ನಾಟಿ ಶುರುವಾಗುವ ಮುನ್ನ ವರ್ಷಕ್ಕೊಮ್ಮೆ ಪ್ರತಿ ಉಪಕೇಂದ್ರದಲ್ಲಿ ಕಾಲಿನ ತಪಾಸಣೆ ನಡೆಯಬೇಕು. ಇನ್ಸುಲಿನ್ ವಿಷಯವೂ ಹೀಗೆಯೇ. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಇನ್ಸುಲಿನ್ ಸೀಸೆಯನ್ನು ಕಾದಿಡಬೇಕಾದುದು 2ರಿಂದ 8 ಡಿಗ್ರಿಯಲ್ಲಿ. ಫ್ರಿಜ್ ಇಲ್ಲದ ಮನೆಯಲ್ಲಿ, ತಗಡಿನ ಸೂರಿನಡಿ ಇಟ್ಟ ಔಷಧ ತಿಂಗಳೊಳಗೆ ಕಸುವು ಕಳೆದುಕೊಂಡರೆ ಅದನ್ನು ಚುಚ್ಚಿಕೊಂಡವರ ತಪ್ಪೇನು? ಎರಡು ಮಡಕೆಗಳ ನಡುವೆ ಒದ್ದೆ ಮರಳು ತುಂಬಿ ಒಳಗೆ ಸೀಸೆ ಇಡುವುದನ್ನು ಹೇಳಿಕೊಡಬೇಕು, ಬಾಕಿ ಸೀಸೆಗಳನ್ನು ಲಸಿಕೆ ಇಡುವ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕಾದಿಡಲು ಅವಕಾಶ ಕೊಡಬೇಕು. ಇಂಥ ವಿವರಗಳು ಬೆಂಗಳೂರಿನ ಸುತ್ತೋಲೆಯಲ್ಲಿ ಹುಟ್ಟುವುದಿಲ್ಲ.

ಇನ್ನು ತಡೆಯ ಮಾತು. ತಡೆಯಬಹುದು ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಪುರಾವೆ ಇದೆ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆಯ ಹೊಸ್ತಿಲಲ್ಲಿದ್ದವರ ಪೈಕಿ ಸುಮ್ಮನೆ ಬಿಟ್ಟವರಲ್ಲಿ ಶೇ 55ರಷ್ಟು ಜನರಿಗೆ ಮೂರು ವರ್ಷದೊಳಗೆ ಮಧುಮೇಹ ಬಂತು. ಊಟ, ನಡಿಗೆಯ ಬಗ್ಗೆ ಬೆನ್ನು ಬಿಡದೆ ಸಲಹೆ ಪಡೆದವರಲ್ಲಿ ಶೇ 39ರಷ್ಟು ಜನರಿಗೆ. ಬಳ್ಳಾರಿ ಸೀಮೆಯಲ್ಲಿ ಊಟದ ಮಾತು ಎತ್ತಿದರೆ ತುಂಗಭದ್ರೆಯ ಕಾಲುವೆಯನ್ನೂ ಎತ್ತಬೇಕು. 1950ರ ದಶಕದಲ್ಲಿ ಕಾಲುವೆ ನೀರು ಬಂದ ಮೇಲೆ ಜೋಳ, ನವಣೆ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ಬರಗಾಲಕ್ಕೆ ಹೆಸರಾಗಿದ್ದ ಸೀಮೆ ಅನ್ನ ಕಂಡಿತು. ಅದು ಸಣ್ಣ ಸಂಗತಿಯಲ್ಲ, ಆ ಅನ್ನವನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ರೊಟ್ಟಿಯ ಜೊತೆಗಿದ್ದ ಹೆಸರು, ಮಡಕಿ, ಪುಂಡಿಪಲ್ಯಗಳ ಪಾಲು ತಟ್ಟೆಯಲ್ಲಿ ಕುಗ್ಗಿ, ಪಾಲಿಶ್ ಮಾಡಿದ ಬಿಳಿಯಕ್ಕಿಯ ಪಾಲು ಹಿಗ್ಗಿದ್ದು ಕಾಯಿಲೆಗೆ ಹಾದಿ ಮಾಡಿಕೊಟ್ಟಿತು. ಹಾಗಾದರೆ ಅನ್ನ ಬಿಟ್ಟು ಸಿರಿಧಾನ್ಯ ತಿನ್ನಿ ಎನ್ನುವುದು ಸುಲಭದ ಪರಿಹಾರ. ಇಂಡಿಯಾಬ್ ಅಧ್ಯಯನದ 2025ರ ಆಹಾರ ವಿಶ್ಲೇಷಣೆ ಅದನ್ನು ಒಪ್ಪುವುದಿಲ್ಲ. ನಮ್ಮ ಊಟದ ಶಕ್ತಿಯಲ್ಲಿ ಶೇ 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತಿದೆ. ಬಿಳಿಯಕ್ಕಿಯ ಜಾಗದಲ್ಲಿ ಗೋಧಿ, ಸಿರಿಧಾನ್ಯಗಳ ಹಿಟ್ಟು ಬಂದ ಮಾತ್ರಕ್ಕೆ ಅಪಾಯ ಇಳಿಯುವುದಿಲ್ಲ. ಒಟ್ಟು ಪಿಷ್ಟ ಕಡಿಮೆಯಾಗಿ ಬೇಳೆಕಾಳು, ಹಾಲಿನ ಪದಾರ್ಥಗಳ ಪ್ರೋಟೀನು ಹೆಚ್ಚಿದಾಗ ಇಳಿಯುತ್ತದೆ. ಈ ಕಾರಣಕ್ಕೇ ಸಿರಿಧಾನ್ಯ ಮೇಳಗಳಿಗಿಂತ ಪಡಿತರ ಅಂಗಡಿ ಮುಖ್ಯ. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ರಾಜ್ಯ ಸಂಪುಟ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಅಕ್ಕಿಯ ಜಾಗಕ್ಕೆ ಬೇಳೆ ಬರುವುದು ಈ ಹತ್ತು ವರ್ಷಗಳಲ್ಲಿ ಮಧುಮೇಹದ ವಿರುದ್ಧ ಸರ್ಕಾರ ತೆಗೆದುಕೊಂಡ ಒಳ್ಳೆಯ ನಿರ್ಧಾರಗಳಲ್ಲೊಂದು, ಆರೋಗ್ಯ ಇಲಾಖೆಯ ಹೆಸರು ಅದರಲ್ಲಿ ಇಲ್ಲದಿದ್ದರೂ. ಅದೇ ಕಿಟ್‌ನಲ್ಲಿ ಸಕ್ಕರೆ ಏಕೆ? ಅದನ್ನು ತೆಗೆದು ಆ ದುಡ್ಡಿಗೆ ಹೆಸರುಕಾಳೋ ಕಡಲೆಯೋ ಕೊಡಬೇಕು. ಆಹಾರ ಇಲಾಖೆಯ ಪಟ್ಟಿಗೆ ಆರೋಗ್ಯ ಇಲಾಖೆಯ ಒಪ್ಪಿಗೆ ಬೇಕೆಂಬ ನಿಯಮ ಬಂದರೆ ಇಂಥ ಎಡವಟ್ಟು ತಪ್ಪುತ್ತದೆ.

ತಡೆ ಶುರುವಾಗಬೇಕಾದ ಇನ್ನೊಂದು ಜಾಗ ಗರ್ಭಿಣಿಯರ ತಪಾಸಣೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ, ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಮಕ್ಕಳಲ್ಲಿ ಚಿಕ್ಕ ವಯಸ್ಸಿಗೇ ಮೈಕೊಬ್ಬು, ಇನ್ಸುಲಿನ್‌ಗೆ ಒಗ್ಗದ ಲಕ್ಷಣ ಹೆಚ್ಚಿದ್ದುದನ್ನು ಗುರುತಿಸಿದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುವ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೂ 24ರಿಂದ 28ನೇ ವಾರದ ನಡುವೆಯೂ ಮಾಡಬೇಕೆಂದು ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಎರಡನೇ ಪರೀಕ್ಷೆ ಎಷ್ಟು ಗರ್ಭಿಣಿಯರಿಗೆ ಆಯಿತು ಎಂಬುದೂ ತಾಲ್ಲೂಕಿನ ಲೆಕ್ಕದಲ್ಲಿರಬೇಕು.

ಆಕ್ಷೇಪಗಳಿವೆ. ಗುಳಿಗೆ ತಪ್ಪಿಸುವುದು, ಪಥ್ಯ ಮುರಿಯುವುದು ರೋಗಿಯ ಹೊಣೆ, ಅದಕ್ಕೆ ಅಧಿಕಾರಿಯನ್ನು ಕೇಳಿದರೆ ಹೇಗೆ ಎನ್ನುವವರಿದ್ದಾರೆ. ಒಬ್ಬರೋ ಇಬ್ಬರೋ ತಪ್ಪಿಸಿದರೆ ಅವರ ಹೊಣೆ. ಒಂದು ಉಪಕೇಂದ್ರದ ವ್ಯಾಪ್ತಿಯಲ್ಲಿ ಹತ್ತರಲ್ಲಿ ಎಂಟು ಮಂದಿ ತಪ್ಪಿಸಿದರೆ ಅಲ್ಲಿ ಗುಳಿಗೆ ಇರಲಿಲ್ಲ, ಇಲ್ಲವೇ ಅದನ್ನು ಕೊಡುವ ಹೊತ್ತು ಜನರ ಹೊತ್ತಿಗೆ ಹೊಂದಲಿಲ್ಲ ಎಂದೇ ಅರ್ಥ. ಆಶಾ ಕಾರ್ಯಕರ್ತೆಯರ ಮೇಲೆ ಇನ್ನೆಷ್ಟು ಹೊರೆ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಖಚಿತ ಗೌರವಧನ ಕೇಳಿ ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಬೀದಿಯಲ್ಲಿ ಕೂತರು. ಅವರಿಗೆ ಹೊಸ ಕೆಲಸ ಹೊರಿಸುವ ಮುನ್ನ ತಪಾಸಣೆಯ ತಲೆಲೆಕ್ಕಕ್ಕೆ ಕೊಡುವ ಪ್ರೋತ್ಸಾಹಧನವನ್ನು ಚಿಕಿತ್ಸೆಯಲ್ಲಿ ಉಳಿದವರ ಲೆಕ್ಕಕ್ಕೆ ಬದಲಿಸಿ ಹೆಚ್ಚಿಸಬೇಕು, ಮೊಬೈಲ್‌ನಲ್ಲಿ ಒಂದೇ ಮಾಹಿತಿಯನ್ನು ಹಲವು ಕಡೆ ತುಂಬಿಸುವುದನ್ನು ನಿಲ್ಲಿಸಬೇಕು. ಅಧಿಕಾರಿಗಳು ಹತೋಟಿಯ ಅಂಕಿಯನ್ನೂ ತಿದ್ದಿ ತೋರಿಸಬಹುದಲ್ಲ ಎಂಬುದೂ ನಿಜ. ಅದಕ್ಕೇ ವರ್ಷಕ್ಕೊಮ್ಮೆ ಬಳ್ಳಾರಿ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗ ಕೆಲವು ಹಳ್ಳಿಗಳನ್ನು ಆಯ್ದು ಸ್ವತಂತ್ರವಾಗಿ ರಕ್ತ ಪರೀಕ್ಷಿಸಿ ತಾಳೆ ನೋಡಬೇಕು.

ಹಣವಿಲ್ಲ ಎಂಬ ಮಾತನ್ನು ಈ ಜಿಲ್ಲೆಯಲ್ಲಿ ಆಡುವಂತಿಲ್ಲ. ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯ ಬಳ್ಳಾರಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ನಿಧಿಯಿದೆ, ಅದರ ಆದ್ಯತೆಯ ಬಾಬತ್ತುಗಳಲ್ಲಿ ಆರೋಗ್ಯವೂ ಒಂದು. ಗಣಿಯ ದೂಳು ಕುಡಿದ ಸಂಡೂರಿನ ಪಾಲು ಕಸಿಯಬೇಕೆಂದು ನಾನು ಹೇಳುತ್ತಿಲ್ಲ. ಕಟ್ಟಡಕ್ಕೆ ಸುರಿಯುವ ಹಣದಲ್ಲಿ ಸಣ್ಣ ಪಾಲು ಗುಳಿಗೆಗೆ, ಪರೀಕ್ಷೆಯ ಪಟ್ಟಿಗಳಿಗೆ, ಲ್ಯಾಬ್ ತಂತ್ರಜ್ಞರ ಸಂಬಳಕ್ಕೆ ಹೋದರೆ ಸಾಕು. ಹಣಕ್ಕಿಂತ ಕಠಿಣವಾದುದು ನಂಬಿಕೆ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯರು ಸತ್ತಾಗ ಸರ್ಕಾರಿ ಪೂರೈಕೆಯ ಐವಿ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಎದ್ದಿತು, ರಾಜ್ಯದ ಔಷಧ ನಿಯಂತ್ರಕರೇ ಅಮಾನತಾದರು. ಆ ಊರಿನ ಜನರಿಗೆ ಬದುಕಿಡೀ ಸರ್ಕಾರಿ ಗುಳಿಗೆ ನುಂಗಿ ಎಂದು ಹೇಳಬೇಕಾದರೆ, ಪ್ರತಿ ಬ್ಯಾಚಿನ ಪರೀಕ್ಷಾ ಫಲಿತಾಂಶವನ್ನು ಆಸ್ಪತ್ರೆಯ ಗೋಡೆಗೆ ಕನ್ನಡದಲ್ಲಿ ಅಂಟಿಸುವಷ್ಟು ಪಾರದರ್ಶಕತೆ ಬೇಕು.

ಜಿಲ್ಲಾ ಉಸ್ತುವಾರಿ ಸಚಿವರು ಮುಂದಿನ ಕೆಡಿಪಿ ಸಭೆಯಲ್ಲಿ ತಪಾಸಣೆಯ ಅಂಕಿಯನ್ನು ಬದಿಗಿಟ್ಟು, ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರಿನ ಆರೋಗ್ಯಾಧಿಕಾರಿಗಳಿಗೆ ಒಂದೇ ಪ್ರಶ್ನೆ ಹಾಕಲಿ: ಕಳೆದ ವರ್ಷ ಸಕ್ಕರೆ ಕಾಯಿಲೆ ಪತ್ತೆಯಾದವರಲ್ಲಿ ಈ ತಿಂಗಳು ಗುಳಿಗೆ ಪಡೆದವರೆಷ್ಟು, ಹತೋಟಿಯಲ್ಲಿರುವವರೆಷ್ಟು? ಉತ್ತರ ಎಷ್ಟೇ ಮುಜುಗರದ್ದಾಗಿರಲಿ, ಅದನ್ನು ಪ್ರಕಟಿಸಲಿ. ಗ್ರಾಮಸಭೆಯಲ್ಲಿ ಕೂರುವ ಓದುಗರೂ ತಮ್ಮ ಊರಿನ ಉಪಕೇಂದ್ರಕ್ಕೆ ಇದೇ ಪ್ರಶ್ನೆ ಕೇಳಲಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಲಿ.