ಗೇಮ್ ಕಪ್ಪಾದರೆ ಕಾರ್ಡ್ ಹೋಗಿದೆ ಅಂತಲ್ಲ

ಮಳೆಗೆ ಮಲಗಿದ ಮೆಕ್ಕೆಜೋಳದ ಸುದ್ದಿ ಮಾಡಲು ಶಿರಾಳಕೊಪ್ಪದ ಆಚೆ ಒಂದು ಹಳ್ಳಿಗೆ ಹೋಗಿದ್ದೆ. ಫೋಟೊ ತೆಗೆದು ಹೊರಡುವಾಗ ಮನೆಯ ಯಜಮಾನರು ಟೀ ಕುಡಿದು ಹೋಗಿ ಎಂದು ಕೂರಿಸಿದರು. ಜಗುಲಿಯ ಮೂಲೆಯಲ್ಲಿ ಟವೆಲ್ ಹೊದಿಸಿದ ಕಂಪ್ಯೂಟರ್ ಇತ್ತು. "ಸರ್, ನೀವು ಪೇಪರ್‌ನೋರು, ಸ್ವಲ್ಪ ನೋಡಿ. ಮಗ ಗೇಮ್ ಹಾಕಿದ್ರೆ ಸ್ಕ್ರೀನ್ ಪೂರ್ತಿ ಕಪ್ಪಾಗುತ್ತೆ. ಪೇಟೆ ಅಂಗಡಿಯೋರು ಗ್ರಾಫಿಕ್ಸ್ ಕಾರ್ಡ್ ಹಾಕಬೇಕು, ಮೂರು ಸಾವಿರ ಅಂದಿದಾರೆ" ಅಂದರು.

ಜೋಳ ಮಲಗಿದ ವರ್ಷ ಮೂರು ಸಾವಿರ ಅಂದರೆ ಎಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ.

ನಾನೇನೂ ಮೆಕ್ಯಾನಿಕ್ ಅಲ್ಲ. ಡಿಪ್ಲೊಮಾದಲ್ಲಿ ಪುಟ ಕಟ್ಟೋದು ಕಲಿಸಿದರು. ಉಳಿದ ಕಂಪ್ಯೂಟರ್ ಕಲಿತಿದ್ದು ರೋಡ್ ರ್‍ಯಾಶ್, ವೈಸ್ ಸಿಟಿ ಆಡಿ, ಅವು ಕೆಟ್ಟಾಗ ಸರಿ ಮಾಡಿಕೊಂಡು. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆಗೆದೆ. ಡಿಸ್‌ಪ್ಲೇ ಅಡಾಪ್ಟರ್ ಎಂಬಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತಿತ್ತು. ಅಂದರೆ ಚಿತ್ರ ಮೂಡಿಸುವ ಚಿಪ್ ಒಳಗಿದೆ, ಆದರೆ ಅದನ್ನು ನಡೆಸುವ ಡ್ರೈವರ್ ಹಾಕಿಲ್ಲ. ಎರಡು ತಿಂಗಳ ಹಿಂದೆ ಹೊಸ ವಿಂಡೋಸ್ ಹಾಕಿಕೊಟ್ಟಿದ್ದು ಅದೇ ಅಂಗಡಿ. ಡ್ರೈವರ್ ಹಾಕದೆ ಕಳಿಸಿ, ಈಗ ಕಾರ್ಡ್ ಕೊಳ್ಳಿ ಅಂದಿದ್ದಾರೆ. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಕಂಪ್ಯೂಟರ್ ಕಂಪನಿಯ ವೆಬ್‌ಸೈಟಿನಿಂದ ಡ್ರೈವರ್ ಇಳಿಸಿ ಹಾಕಿದೆವು. ಗೇಮ್ ಪೂರ್ತಿ ಸ್ಕ್ರೀನಲ್ಲಿ ಬಂತು. ಖರ್ಚಾಗಿದ್ದು ನನ್ನ ಡೇಟಾ, ಇನ್ನೊಂದು ಲೋಟ ಟೀ.

ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಇರುವ ಕಂಪ್ಯೂಟರುಗಳು ಹೆಚ್ಚಿನವು ಯಾರದೋ ಕೈ ದಾಟಿ ಬಂದವು. ಹಳೇ ಗೇಮ್, ಹೊಸ ಮಾನಿಟರ್, ನಡುವೆ ಯಾವುದೋ ವಿಂಡೋಸ್. ಇವು ಒಂದಕ್ಕೊಂದು ಹೊಂದದೆ ಇರೋದೇ ಎಷ್ಟೋ ಸಲದ ತೊಂದರೆ, ಸುಟ್ಟುಹೋಗಿರೋದು ಕಡಿಮೆ. ಪರೀಕ್ಷೆ ಸುಲಭ: ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬರುವ ಕಂಪನಿ ಲಾಂಛನದಲ್ಲೇ ಗೆರೆ, ಚುಕ್ಕೆ ಇದ್ದರೆ ಮಾನಿಟರ್, ಕೇಬಲ್ ಅಥವಾ ಕಾರ್ಡ್ ಮೇಲೆ ಅನುಮಾನ ಪಡಿ. ಡೆಸ್ಕ್‌ಟಾಪ್ ಚೆನ್ನಾಗಿದ್ದು, ಗೇಮ್ ಫುಲ್ ಸ್ಕ್ರೀನ್ ಆದಾಗ ಮಾತ್ರ ಕೆಟ್ಟರೆ ಮೊದಲು ಸೆಟ್ಟಿಂಗ್ ನೋಡಿ.

ಕಪ್ಪು ಪರದೆಯ ಮೇಲೆ 'ಔಟ್ ಆಫ್ ರೇಂಜ್' ಅಥವಾ 'ಇನ್‌ಪುಟ್ ನಾಟ್ ಸಪೋರ್ಟೆಡ್' ಅಂತ ಬಂದರೆ ಜನ ಹೆದರಿ ಪ್ಲಗ್ ಕೀಳುತ್ತಾರೆ. ಮಾರಾಯ್ರೆ, ಆ ಅಕ್ಷರ ಬರೆಯುತ್ತಿರೋದೇ ಮಾನಿಟರ್! ಸತ್ತಿದ್ದರೆ ಮಾತಾಡುತ್ತಿತ್ತೇ? ಗೇಮ್ ಕೇಳಿದ ಅಳತೆ ಅಥವಾ ವೇಗ ತನ್ನಿಂದಾಗದು ಅನ್ನುತ್ತಿದೆ ಅಷ್ಟೆ. ಹಿಂದಿನ ಡಬ್ಬ ಮಾನಿಟರುಗಳಲ್ಲಿ ಸೆಕೆಂಡಿಗೆ 85 ಸಲ ಚಿತ್ರ ಬದಲಿಸುವವು ಇದ್ದವು. ಸಾಮಾನ್ಯ ಚಪ್ಪಟೆ ಮಾನಿಟರುಗಳಲ್ಲಿ ಹಲವಕ್ಕೆ 60 ಅಥವಾ 75. ಕೆಲವು ಗೇಮ್‌ಗಳು ಸೆಟ್ಟಿಂಗನ್ನು ತಮ್ಮ ಫೋಲ್ಡರಿನಲ್ಲೇ ಇಟ್ಟುಕೊಳ್ಳುತ್ತವೆ. ಗೆಳೆಯನ ಮನೆಯಿಂದ ಪೆನ್‌ಡ್ರೈವಲ್ಲಿ ತಂದರೆ ಅವನ ಮಾನಿಟರಿನ ಅಳತೆಯೂ ಜೊತೆಗೇ ಬರುತ್ತದೆ. ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿ. ಬಹಳ ಗೇಮ್‌ಗಳು ಕಿಟಕಿಯಷ್ಟು ಚಿಕ್ಕದಾಗಿ ತೆರೆಯುತ್ತವೆ, ಒಳಗೆ ಹೋಗಿ ಅಳತೆ ಬದಲಿಸಬಹುದು. 2003ರ ವೈಸ್ ಸಿಟಿಗಾದರೆ ಡಾಕ್ಯುಮೆಂಟ್ಸ್ ಒಳಗಿನ ಅದರ ಯೂಸರ್ ಫೈಲ್ಸ್ ಫೋಲ್ಡರಿನಲ್ಲಿ 'ಸೆಟ್' ಎಂದು ಮುಗಿಯುವ ಫೈಲ್ ಅಳಿಸಿ, ಮತ್ತೆ ಶುರು ಮಾಡಿ. ಸೇವ್ ಮಾಡಿದ ಆಟ ಬೇರೆ ಫೈಲಿನಲ್ಲಿರುತ್ತದೆ, ಹೋಗಲ್ಲ.

ಮನುಷ್ಯರು ಗಿಡ್ಡ, ದಪ್ಪ ಕಂಡರೆ 4:3 ಅಳತೆಯ ಗೇಮನ್ನು 16:9 ಪರದೆಗೆ ಎಳೆದಿದೆ ಅಂತ. ಟಿವಿಗೆ ಜೋಡಿಸಿದವರಿಗೆ ಅಂಚು ಕತ್ತರಿಸಿದಂತೆ ಕಂಡರೆ ಟಿವಿಯ ಪಿಕ್ಚರ್ ಮೆನುವಿನಲ್ಲೇ 'ಸ್ಕ್ರೀನ್ ಫಿಟ್' ಅಥವಾ 'ಜಸ್ಟ್ ಸ್ಕ್ಯಾನ್' ಥರದ್ದು ಹುಡುಕಿ.

ಅಂಗಡಿಯವರು ಹೇಳಿದ್ದೆಲ್ಲ ಸುಳ್ಳು ಅನ್ನುತ್ತಿಲ್ಲ. ಹತ್ತು ನಿಮಿಷ ಚೆನ್ನಾಗಿ ಆಡಿ ಆಮೇಲೆ ಬಣ್ಣ ಬಣ್ಣದ ಗೆರೆ ಬಂದು ನಿಂತರೆ ಬಿಸಿಯ ತೊಂದರೆ ಇರಬಹುದು. ಫ್ಯಾನಿನಲ್ಲಿ ಧೂಳು ಕೂತಿರುತ್ತದೆ, ನಮ್ಮ ಕಡೆ ಇರುವೆ, ಹಲ್ಲಿಯೂ ಒಳಗೆ ಸೇರಿರುತ್ತವೆ. ಅದನ್ನು ತಿಳಿದವರೇ ಬಿಚ್ಚಲಿ. ಇನ್ನೊಂದು ಸಂಕಟವೂ ಅವರದ್ದಿದೆ: ಕಾರ್ಡ್ ಕೊಟ್ಟರೆ ಮೂರು ಸಾವಿರ ಎಣಿಸುವ ನಾವು, ಅರ್ಧ ಗಂಟೆ ಕೂತು ಸೆಟ್ಟಿಂಗ್ ಸರಿ ಮಾಡಿದವನಿಗೆ ಇನ್ನೂರು ಕೊಡಲು "ಏನ್ ಮಾಡಿದೀಯಾ, ಎರಡು ಗುಂಡಿ ಒತ್ತಿದೆ" ಅನ್ನುತ್ತೇವೆ. ಹೀಗಾದರೆ ಅವನು ಕಾರ್ಡನ್ನೇ ಮಾರುತ್ತಾನೆ. ಆ ಇನ್ನೂರು ಕೊಡೋಣ. ಕೊಡುವಾಗ, ಏನು ಬದಲಿಸಿದೆ ತೋರಿಸು ಅಂತ ಕೇಳೋಣ. ಹೊಸ ಬಿಡಿಭಾಗ ಹಾಕುವ ಮಾತು ಬಂದರೆ, ಡಿವೈಸ್ ಮ್ಯಾನೇಜರಿನಲ್ಲಿ ಈಗ ಯಾವ ಹೆಸರಿದೆ ಅಂತ ಕಣ್ಣಾರೆ ನೋಡಿಯೇ ದುಡ್ಡು ತೆಗೆಯೋಣ.

ಆ ಯಜಮಾನರು ಕೊನೆಗೆ ಕೇಳಿದ್ದು ಬೇರೆ: "ಗೇಮ್ ಸರಿ ಮಾಡಿಕೊಟ್ರಲ್ಲ ಸರ್, ಇನ್ನು ಇವನು ಓದ್ತಾನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗ ಮಾತ್ರ ಡ್ರೈವರ್ ಹೆಸರನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತಿದ್ದ. ವಾರದ ನಂತರ ಫೋನ್ ಮಾಡಿದ್ದ. ಆನವಟ್ಟಿಯ ಮಾವನ ಮನೆಯ ಕಂಪ್ಯೂಟರಿನಲ್ಲೂ ಅದೇ ತೊಂದರೆಯಂತೆ, ತಾನೇ ಸರಿ ಮಾಡಿದನಂತೆ. ಮಾವ ದುಡ್ಡು ಕೊಟ್ಟರಾ ಅಂದೆ. "ಇಲ್ಲ ಸರ್, ಊಟ ಹಾಕಿದ್ರು" ಅಂದ.